ಹಳ್ಳದ ದಂಡೆಯ ಕಲ್ಲುಗುಪ್ಪೆ: ಚಿನ್ನ ಜಾಲಿಸಿದ ಜಾಗವೋ, ಮರಳು ತೆಗೆದ ಜಾಗವೋ?

ಬಸವನಗುಡಿ ಚಾರಣಿಗ:
ಮುಂದಿನ ತಿಂಗಳು ಬೆಂಗಳೂರಿಂದ ನಾಲ್ಕು ಜನ ಗದಗದ ಕಪ್ಪತಗುಡ್ಡಕ್ಕೆ ಹೊರಟಿದ್ದೇವೆ. ಡೋಣಿ ಕಡೆಯ ಹಳ್ಳಗಳಲ್ಲಿ ಜಾಲಗಾರರು ಮಣ್ಣು ತೊಳೆದು ಚಿನ್ನ ತೆಗೀತಿದ್ದರಂತೆ. ದಂಡೆಯಲ್ಲಿ ಗುಂಡಿ, ಕಲ್ಲುಗುಪ್ಪೆ ಕಂಡರೆ ಅದು ಆ ಕಾಲದ್ದೇ ಅಂತ ಹೇಗೆ ಹೇಳೋದು? ಒಂದು ಬುಟ್ಟಿ ಮಣ್ಣು ನಾವೇ ತೊಳೆದು ನೋಡಬಹುದಾ?

ಬೆಣಚುಕಲ್ಲು:
ಗುಂಡಿ ಬಿಡಿ, ಗುಪ್ಪೆ ನೋಡಿ. ಮರಳಿನವರು ಮರಳು ಒಯ್ಯುತ್ತಾರೆ. ಚಿನ್ನದವರದ್ದು ಉಲ್ಟಾ: ಮರಳು, ಮಣ್ಣು ನೀರಲ್ಲಿ ಹೋಗುತ್ತೆ, ದಪ್ಪ ಕಲ್ಲು ಅಲ್ಲೇ ಉಳಿಯುತ್ತೆ. ಹಾಗಾಗಿ ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದವರೆಗಿನ ನುಣುಪು ಕಲ್ಲುಗಳ ರಾಶಿ, ಸಂದಿಯಲ್ಲಿ ಮಣ್ಣೇ ಇಲ್ಲ ಅಂದರೆ ಅನುಮಾನ ಪಡಬಹುದು.

ಇನ್ನೊಂದು ಗುರುತು. ಪ್ರವಾಹ ತಂದು ಹಾಕಿದ ಚಪ್ಪಟೆ ಕಲ್ಲುಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿ, ನೀರು ಬರುವ ದಿಕ್ಕಿಗೆ ಇಳಿಜಾರಾಗಿರುತ್ತವೆ. ಕೈಯಲ್ಲಿ ಎಸೆದ ಗುಪ್ಪೆಯಲ್ಲಿ ಕಲ್ಲು ಹೇಗೆ ಬೇಕಾದರೂ ಬಿದ್ದಿರುತ್ತೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ನಂಬಬಹುದಾದ ಗುರುತು.

ಗುಂಡಿ ನೋಡಲೇಬೇಕು ಅಂದರೆ ತಳ ನೋಡಿ. ಚಿನ್ನ ಜಲ್ಲಿಯ ಅಡಿಗೆ ಇಳಿದು ತಳಬಂಡೆಯ ಬಿರುಕಲ್ಲಿ ಕೂರುತ್ತೆ. ಅದಕ್ಕೇ ಬಂಡೆವರೆಗೂ ಅಗೆದು ಬಿರುಕು ಕೆರೆದಿರುತ್ತಾರೆ. ಹಳ್ಳದ ತಿರುವಿನ ಒಳಮಗ್ಗುಲು, ದೊಡ್ಡ ಬಂಡೆಯ ಹಿಂಬದಿ, ಇಳಿಜಾರು ಸಟ್ಟನೆ ಕಡಿಮೆ ಆಗುವ ಕಡೆ, ಅಂದರೆ ನೀರಿನ ಸೆಳೆತ ಸಡಿಲವಾಗುವ ಕಡೆಯೇ ಹುಡುಕಿ.

ಹಳೇ ಕುದುರೆ:
ಮೇಲಿನದಕ್ಕೆ ಒಂದು ತಿದ್ದುಪಡಿ. ಹೊಲದವರು ಆಯ್ದು ಹಾಕಿದ ಕಲ್ಲೂ ಗುಪ್ಪೆಯಾಗಿರುತ್ತೆ. ಅವು ಬದುವಿನ ಮೇಲೆ ಇರುತ್ತವೆ, ಮೊನಚು ಅಂಚು, ಮಣ್ಣು ಮೆತ್ತಿರುತ್ತೆ. ಬಿಳೀ ಬೆಣಚುಕಲ್ಲಿನ ಚೂರು, ಪಕ್ಕದಲ್ಲಿ ಒರಳಿನಂಥ ಗುಳಿಬಿದ್ದ ಬಂಡೆ ಇದ್ದರೆ ಅದು ಕಲ್ಲು ಕುಟ್ಟಿ ಚಿನ್ನ ತೆಗೆದ ಜಾಗ ಇರಬಹುದು. ಹೊಳೆಮಣ್ಣಿನ ಕೆಲಸಕ್ಕೆ ಕುಟ್ಟೋದು ಬೇಕಿಲ್ಲ.

ತೊಳೆಯೋ ವಿಚಾರ: ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಅದರಾಚೆಗೂ 1957ರ ಗಣಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಚಿನ್ನ ಹುಡುಕೋ ಹಾಗಿಲ್ಲ. ಫೋಟೋ ತೆಗೆದು ಬನ್ನಿ.

ಮರಿಗೆ:
ಕೈ ಪಳಗಿಸಬೇಕು ಅಂದರೆ ಮನೆ ಹಿತ್ತಲಲ್ಲೇ ಮಾಡಿ. ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಸುತ್ತಿಗೆಯಲ್ಲಿ ತಟ್ಟಿ, 1-2 ಮಿಮೀ ಚೂರು ಹತ್ತು ಕತ್ತರಿಸಿ 3 ಕೆಜಿ ಮರಳಿಗೆ ಬೆರೆಸಿ. ನೀರಿನ ಸಾಂದ್ರತೆ 1 ಅಂದರೆ ಚಿನ್ನದ್ದು 19.3, ಸೀಸದ್ದು 11.3, ಬೆಣಚುಕಲ್ಲಿನದ್ದು 2.65. ಸೀಸ ಉಳಿಸಿಕೊಳ್ಳುವ ಕೈಗೆ ಚಿನ್ನ ಸುಲಭ. ಹತ್ತರಲ್ಲಿ ಒಂಬತ್ತು ಸಿಗೋವರೆಗೂ ಮುಂದುವರಿಸಿ. ಆಮೇಲೆ ಸೋಪು ಹಾಕಿ ಕೈ ತೊಳೀರಿ, ಸೀಸ ವಿಷ.

ಅಕ್ಕಿ ಗಾಳಿಸೋದು ಗೊತ್ತಿದ್ದರೆ ಅರ್ಧ ಬಂದ ಹಾಗೆ. ಜಾಲಗಾರ ಅನ್ನೋ ಹೆಸರಲ್ಲೇ ಜಾಲಿಸೋದು ಇದೆಯಲ್ಲ. ಅಗಲ ಬೋಗುಣಿಯನ್ನು ನೀರೊಳಗೇ ಇಟ್ಟು ಮೊದಲು ಜೇಡಿಯ ಉಂಡೆ ಪೂರ್ತಿ ಹಿಸುಕಿ. ಎಲ್ಲರೂ ಎಡವೋದು ಇಲ್ಲೇ: ಒಡೆಯದ ಉಂಡೆ ಚಿನ್ನವನ್ನು ಅಂಟಿಸಿಕೊಂಡು ಅಂಚು ದಾಟಿ ಹೋಗುತ್ತೆ. ನಂತರ ಬೋಗುಣಿ ಮಟ್ಟವಾಗಿ ಹಿಡಿದು ಎಡಬಲಕ್ಕೆ ಇಪ್ಪತ್ತು ಸಲ ಜೋರಾಗಿ ಅಲುಗಿಸಿ, ಸ್ವಲ್ಪ ಬಾಗಿಸಿ ಮೇಲಿನ ಪದರ ಮಾತ್ರ ತೇಲಿಸಿ ಬಿಡಿ. ಮತ್ತೆ ಮಟ್ಟ, ಮತ್ತೆ ಅಲುಗಾಟ. ಅಲುಗಿಸದೆ ಬಾಗಿಸಿದರೆ ಭಾರದ್ದು ಇನ್ನೂ ಇಳಿದಿರಲ್ಲ. ಕೊನೆಗೆ ಒಂದೆರಡು ಚಮಚ ಕರೀ ಮರಳು ಉಳಿದರೆ ಒಣಗಿಸಿ, ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ. ಕಬ್ಬಿಣದ್ದು ಕವರಿಗೆ ಅಂಟುತ್ತೆ.

ಬೋಗುಣಿಗೆ ಎಣ್ಣೆ ಜಿಡ್ಡಿದ್ದರೆ ಸಣ್ಣ ಪುಡಿ ನೀರಿನ ಮೇಲೇ ತೇಲುತ್ತೆ, ಒಂದು ಹನಿ ಪಾತ್ರೆ ಸೋಪು ಸಾಕು. ಚಿನ್ನ ಹಿಡಿಯೋಕೆ ಪಾದರಸ ಬಳಸೋ ತಂಟೆಗೆ ಹೋಗಲೇಬೇಡಿ, ಕಾಯಿಸಿದರೆ ಬರೋ ಹಬೆ ನೇರ ಶ್ವಾಸಕೋಶಕ್ಕೆ.

ಬಸವನಗುಡಿ ಚಾರಣಿಗ:
ಹಳ್ಳದಲ್ಲಿ ಹೊಳೆಯೋದೆಲ್ಲ ಕಾಗೆಬಂಗಾರ (ಅಭ್ರಕ) ಅಂತಾರಲ್ಲ? ಇನ್ನು ಕೆಜಿಎಫ್ ನಮಗೆ ಹತ್ತಿರ, ಅಲ್ಲಿ ಇಂಥದ್ದು ನೋಡಬಹುದಾ?

ಬೆಣಚುಕಲ್ಲು:
ನೆರಳಿಗೆ ಹಿಡಿದು ತಿರುಗಿಸಿ. ಕಾಗೆಬಂಗಾರ ಒಂದು ಕೋನದಲ್ಲಿ ಮಿಂಚಿ ಇನ್ನೊಂದರಲ್ಲಿ ಸಾಯುತ್ತೆ, ಚಿನ್ನದ ಬಣ್ಣ ಬದಲಾಗಲ್ಲ. ಸೂಜಿಯಲ್ಲಿ ಒತ್ತಿದರೆ ಚಿನ್ನ ತಗ್ಗುತ್ತೆ, ಕಾಗೆಬಂಗಾರ ಪದರ ಪದರ ಏಳುತ್ತೆ.

ಕೆಜಿಎಫ್ ಸೀಮೆಯಲ್ಲೂ ಊರಿನವರು ಮಣ್ಣು ತೊಳೀತಿದ್ದರು, 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಾರೆನ್ ಅಲ್ಲಿಗೆ ಹೋಗಿದ್ದೇ ಆ ಸುದ್ದಿ ಕೇಳಿ. ಆದರೆ ಈಗ ಕಾಣೋ ಬೂದುಬಣ್ಣದ ಗುಡ್ಡಗಳು ಹೊಳೆ ಕೆಲಸದ್ದಲ್ಲ, ಅದಿರು ಅರೆದು ಸೈನೈಡಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಅಂದರೆ ಸೈನೈಡ್ ದಿಬ್ಬ. ಗಾಳಿ ಇರೋ ದಿನ ಹತ್ತಿರ ನಿಲ್ಲಬೇಡಿ.