ಮೆಂಬರ್ ಮನೆ ಮುಂದಿನ ಚಪ್ಪಡಿ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಶೀನಣ್ಣನ ಹೋಟೆಲಿನ ಬೆಂಚುಗಳ ಮೇಲೆ ಕಾಲು ಎತ್ತಿಟ್ಟು ಕೂತಿದ್ದೆವು. ಗತ್ತಿಗಲ್ಲ. ಕೆಳಗೆ ಪಾದ ಮುಳುಗುವಷ್ಟು ಕೆಂಪು ನೀರು. ಯಾರದೋ ಹವಾಯಿ ಚಪ್ಪಲಿಯೊಂದು ಒಲೆಯ ತನಕ ತೇಲಿಹೋಗಿ, ಯಾಕೋ ಬೇಡ ಅನಿಸಿ ವಾಪಸ್ ಬರುತ್ತಿತ್ತು.

"ಪ್ರಕೃತಿ ವಿಕೋಪ ಮಾರಾಯ," ಎಂದ ಗಣಪತಿ. ಅವನು ಪಂಚಾಯ್ತಿ ಮೆಂಬರ್.

"ಎಂಥ ಪ್ರಕೃತಿ? ನಿನ್ನ ಮನೆ ಮುಂದಿನ ಚಪ್ಪಡಿ ವಿಕೋಪ," ಎಂದ ಶೀನಣ್ಣ, ಚಹಾ ಸೋಸುತ್ತಲೇ.

ಗಣಪತಿ ಕಾರು ತಗೊಂಡ ವರ್ಷ ಚರಂಡಿಗೆ ಅಡ್ಡಲಾಗಿ ಮೂರು ಚಪ್ಪಡಿ ಹಾಸಿ ಮೇಲೆ ಕಾಂಕ್ರೀಟ್ ಬಳಿದಿದ್ದ. ಅದರಡಿಯಲ್ಲಿ ಅಡಿಕೆ ಹಾಳೆ, ಗುಟ್ಕಾ ಚೀಟು, ಒಂದು ಹರಕು ಕಂಬಳಿ ಸೇರಿ ಸಂಸಾರ ಹೂಡಿದ್ದವು. ನೀರಿಗೆ ಹೋಟೆಲೇ ಗತಿ.

ರಿಟೈರ್ಡ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಅದು ಕಾನೂನು ಬರುವ ಸೂಚನೆ. "1993ರ ಪಂಚಾಯತ್ ರಾಜ್ ಕಾಯ್ದೆ ನೋಡು. ರಸ್ತೆ, ಚರಂಡಿ ಒತ್ತುವರಿ ತೆಗೆಸೋ ಅಧಿಕಾರ ಗ್ರಾಮ ಪಂಚಾಯ್ತಿಗೇ ಇದೆ. ನೋಟಿಸ್ ಕೊಡಬೇಕು ಅಷ್ಟೇ."

"ಯಾರಿಗೆ?"

"ನಿನಗೆ."

"ಯಾರು ಕೊಡೋದು?"

"ನೀವೇ."

ಗಣಪತಿ ಅರ್ಧ ಗ್ಲಾಸ್ ಚಹಾ ಮುಗಿಸಿ ಬಾಯಿಬಿಟ್ಟ. "ಈ ಬೀದೀಲಿ ಹದಿನೇಳು ಚಪ್ಪಡಿ ಇವೆ ಮೇಷ್ಟ್ರೇ. ಒಂಬತ್ತು ನನ್ನ ನೆಂಟರದ್ದು. ಉಳಿದಿದ್ದು ನನಗೆ ವೋಟು ಹಾಕಿದವರದ್ದು. ಹದಿನೇಳನೇದು ನಿಮ್ಮದೇ. ಆಫೀಸರ್ ಆದ್ರೆ ನೋಟಿಸ್ ಅಂಟಿಸಿ ಜೀಪು ಹತ್ತಿ ಹೋಗ್ತಾನೆ. ನಾನು ನಾಳೆ ಇದೇ ಬೆಂಚಲ್ಲಿ ಕೂರಬೇಕು."

ಮೇಷ್ಟ್ರು ಗ್ಲಾಸಿನೊಳಗೆ ಏನೋ ಬಿದ್ದಿದೆ ಎಂಬಂತೆ ನೋಡತೊಡಗಿದರು. ನನಗಂತೂ ಗಣಪತಿಯ ಮಾತೇ ಸರಿ ಅನಿಸಿತು. ಹೆಪ್ಪಿಗೆ ಮಜ್ಜಿಗೆ ಕೇಳುವ ಮನೆಗೆ ದಂಡ ಹಾಕುವುದು ಹೇಗೆ ಹೇಳಿ?

"ಡಿಸಿಗೆ ಹೇಳಿದ್ರಾಯ್ತಪ್ಪ," ಎಂದ ನಾಗೇಶ.

ಮೇಷ್ಟ್ರಿಗೆ ಜೀವ ಬಂತು. "ಹೌದು! 2005ರ ವಿಪತ್ತು ನಿರ್ವಹಣಾ ಕಾಯ್ದೆ. ಜಿಲ್ಲಾ ಪ್ರಾಧಿಕಾರಕ್ಕೆ ಡಿಸಿ ಅಧ್ಯಕ್ಷರು. ಅನಾಹುತ ಆದಾಗ ಯಾರ ಲಾರಿ, ಯಾರ ಜೆಸಿಬಿ ಬೇಕಾದ್ರೂ ವಶಕ್ಕೆ ತಗೋಬಹುದು."

ಊರಿಗೊಂದೇ ಜೆಸಿಬಿ, ಅದು ನಾಗೇಶನದ್ದು. ಅವನ ಕಾಲು ತಾನಾಗಿ ನೀರಿಗಿಳಿಯಿತು. "ಬಾಡಿಗೆ?"

"ಪರಿಹಾರ ಕೊಡ್ತಾರೆ."

"ಯಾವಾಗ?"

ಈ ಪ್ರಶ್ನೆಗೆ ಮೇಷ್ಟ್ರ ಕಾಯ್ದೆಯಲ್ಲಿ ಉತ್ತರ ಸಿಗಲಿಲ್ಲ.

"ಡಿಸಿ ಒಬ್ಬರೇ ಅಲ್ಲ. ಜಿಲ್ಲಾ ಪಂಚಾಯ್ತಿ ಅಧ್ಯಕ್ಷರೂ ಅದರಲ್ಲಿ ಸಹ-ಅಧ್ಯಕ್ಷರು," ಎಂದು ವಿಷಯ ಜಾರಿಸಿದರು.

"ಆ ಕುರ್ಚಿ ಕಥೆ ಬಿಡಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆನೇ ಆಗಲಿಲ್ಲ," ಎಂದ ಗಣಪತಿ. ತನ್ನ ಚಪ್ಪಡಿಯಿಂದ ಮಾತು ದೂರ ಹೋದಷ್ಟೂ ಅವನಿಗೆ ಉತ್ಸಾಹ.

ಶೀನಣ್ಣನ ಲೆಕ್ಕವೇ ಬೇರೆ. "2019ರ ನೆರೆಗೆ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದಿದ್ರಲ್ಲ. ಹೋಟೆಲಿಗೆ ಎಷ್ಟು?"

"ಮೊದಲು ಬೀಳಲಿ," ಎಂದ ನಾಗೇಶ.

"ಶಿವಮೊಗ್ಗದವರು ತುಂಗೆಯ ಮಂಟಪ ಮುಳುಗ್ತಾ ಅಂತ ನೋಡಿ ನೆರೆ ಅಳೀತಾರೆ. ನಮಗೆಲ್ಲಿದೆ ಮಂಟಪ?" ಎಂದೆ ನಾನು.

ಅಷ್ಟರಲ್ಲಿ ಒಲೆ ಚುಂಯ್ ಎಂದಿತು. ನೀರು ಬೆಂಕಿಗೆ ತಲುಪಿತ್ತು.

"ಮಂಟಪ ಮುಳುಗ್ತು. ಇನ್ನು ಚಹಾ ಇಲ್ಲ," ಎಂದ ಶೀನಣ್ಣ.

ಅಷ್ಟು ಹೊತ್ತು ಯಾವ ಕಾಯ್ದೆಗೂ ಬಗ್ಗದ ಗಣಪತಿ ಎದ್ದ. ಮೂಲೆಯಲ್ಲಿದ್ದ ಹಾರೆ ಹೆಗಲಿಗೇರಿಸಿ, ಕೊಪ್ಪೆ ಹೊದ್ದುಕೊಂಡ. "ಸರಿ, ಒಡೆದೇ ಬಿಡೋಣ. ಮೇಷ್ಟ್ರೇ, ಕೊನೆಯಿಂದ ಶುರು ಮಾಡೋದು ಒಳ್ಳೇದು ಅಲ್ವಾ? ಹದಿನೇಳನೇದರಿಂದ?"

ಮೇಷ್ಟ್ರು ಬಾಗಿಲಾಚೆ ಇಣುಕಿದರು. ಎದುರಿನ ಸೊಸೈಟಿ ಕಟ್ಟಡವೇ ಕಾಣದಷ್ಟು ಮಳೆ ಹೊಯ್ಯುತ್ತಿತ್ತು.

"ಸ್ವಲ್ಪ ಕಮ್ಮಿ ಆದ ಹಾಗಿದೆಯಲ್ಲೋ," ಎಂದರು.