ಅಪ್‌ಡೇಟ್: ನ್ಯಾನೋವೈರ್‌ಗಳು ಕೊನೆಗೂ ನೆಟ್ಟಗೆ ನಿಂತವು

ಹಾಸನದ ನಮ್ಮ ಕಾಲೇಜು ಲ್ಯಾಬಿನಲ್ಲಿ ಗಾಜಿನ ತುಂಡಿನ ಮೇಲೆ ಜಿಂಕ್ ಆಕ್ಸೈಡ್ ನ್ಯಾನೋವೈರ್ (ಕೂದಲಿಗಿಂತ ಎಷ್ಟೋ ಸಣ್ಣ ತಂತಿ) ಬೆಳೆಸಲು ಹೋದರೆ ಬಾಟಲಿಯ ತಳದಲ್ಲಿ ಬರೀ ಬಿಳಿ ಪುಡಿ ಸಿಗುತ್ತಿದೆ, ಏನು ತಪ್ಪು ಅಂತ ಹೋದ ತಿಂಗಳು ಕೇಳಿದ್ದೆ.

ತಪ್ಪು ಎರಡಿದ್ದವು. ಗಾಜಿನ ತುಂಡನ್ನು ಬಾಟಲಿಯ ತಳದಲ್ಲಿ ಅಂಗಾತ ಮಲಗಿಸುತ್ತಿದ್ದೆ. ದ್ರಾವಣದಲ್ಲೇ ಹುಟ್ಟಿದ ಪುಡಿ ಸುಮ್ನೆ ಅದರ ಮೇಲೆ ಕೂರುತ್ತಿತ್ತು. ಈಗ ಟೆಫ್ಲಾನ್ ಟೇಪ್ ಕಟ್ಟಿ ಮುಖ ಕೆಳಗೆ ಮಾಡಿ ತೂಗುಹಾಕುತ್ತೇನೆ. ಎರಡನೆಯದು ಸೀಡ್ ಪದರ, ಅಂದರೆ ವೈರ್‌ಗಳು ಮೊಳೆಯಲು ಗಾಜಿಗೆ ಮೊದಲೇ ಹಾಕುವ ಪುಟ್ಟ ಹರಳುಗಳ ಪದರ. ಅದನ್ನು ಹಾಕಿರಲೇ ಇಲ್ಲ. ಹೆಪ್ಪು ಹಾಕದೆ ಮೊಸರಾಗಲಿ ಅಂತ ಕಾದ ಹಾಗಿತ್ತು ನನ್ನ ಕತೆ! ಜಿಂಕ್ ಅಸಿಟೇಟನ್ನು ಎಥನಾಲಿನಲ್ಲಿ ಕರಗಿಸಿ, ಗಾಜಿಗೆ ತೆಳ್ಳಗೆ ಸವರಿ, 350 ಡಿಗ್ರಿಯಲ್ಲಿ ಕಾಯಿಸಿದೆ. ಆಮೇಲೆ ಬೆಳೆಸುವ ದ್ರಾವಣದಲ್ಲಿಟ್ಟೆ: ಜಿಂಕ್ ನೈಟ್ರೇಟ್, ಹೆಕ್ಸಮೀನ್ ಎರಡೂ 25 ಮಿಲಿಮೋಲಾರ್ (ಸಾಂದ್ರತೆಯ ಅಳತೆ), 90 ಡಿಗ್ರಿ, ನಾಲ್ಕು ಗಂಟೆ. ಹೆಕ್ಸಮೀನ್ ಬಿಸಿಗೆ ನಿಧಾನವಾಗಿ ಒಡೆದು ಅಮೋನಿಯ ಬಿಡುತ್ತದೆ, ಜಿಂಕ್ ಆಕ್ಸೈಡೂ ಅದರಿಂದ ಮೆಲ್ಲಗೆ ಹುಟ್ಟುತ್ತದೆ, ಹಾಗಾಗಿ ಎಲ್ಲವೂ ಒಂದೇ ಸಲ ಪುಡಿಯಾಗುವುದಿಲ್ಲ.

ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರದಲ್ಲಿ ವೈರ್‌ಗಳ ತುದಿಗಳು ಪೆನ್ಸಿಲಿನ ಹಾಗೆ ಆರು ಮೂಲೆ. ಆದರೆ ಗಾಜಿನ ಮೇಲಿನವು ಗಾಳಿಗೆ ಬಾಗಿದ ಮುಸುಕಿನ ಜೋಳದ ಹೊಲ. ಗಾಜಿಗೆ ಹರಳಿನ ಜೋಡಣೆಯೇ ಇಲ್ಲ, ಸೀಡ್ ಕಣಗಳು ಮನಸ್ಸಿಗೆ ಬಂದ ಕಡೆ ಮುಖ ಮಾಡಿರುತ್ತವೆ ಅಲ್ವಾ.

ಗಾಜಿನ ಬದಲು ಬಳಸಿ ನೋಡಿ ಅಂತ ನೀವು ಹೇಳಿದ ಗ್ಯಾಲಿಯಂ ನೈಟ್ರೈಡ್ ಹರಳೂ ಸಿಕ್ಕಿತು, ಉಗುರಿನಷ್ಟು ಎರಡು ಚೂರು. ಜಿಂಕ್ ಆಕ್ಸೈಡಿಗೂ ಅದಕ್ಕೂ ಜಾಲರಿಯ (ಹರಳಿನೊಳಗೆ ಪರಮಾಣುಗಳ ಜೋಡಣೆಯ) ಅಳತೆಯಲ್ಲಿ ಶೇ 2ರಷ್ಟೂ ವ್ಯತ್ಯಾಸವಿಲ್ಲ. ಹಾಗಾಗಿ ಸೀಡ್ ಹಾಕದೆಯೇ ಸಕಲೇಶಪುರದ ತೋಟದ ಸಿಲ್ವರ್ ಓಕ್ ಮರಗಳ ಹಾಗೆ ಎಲ್ಲವೂ ನೆಟ್ಟಗೆ ಎದ್ದಿವೆ!

ಆ ಹರಳಿನ ಇನ್ನೊಂದು ಚೂರು ಉಳಿದಿದೆ. ಮೊನ್ನೆ ಮಧ್ಯದಲ್ಲಿ ಕರೆಂಟು ಹೋಗಿ ಒಂದು ಗಾಜಿನ ಬ್ಯಾಚ್ ಹಾಳಾಯಿತು, ಯುಪಿಎಸ್ ರಿಪೇರಿ ಆಗುವವರೆಗೆ ಆ ಚೂರನ್ನು ಮುಟ್ಟಲ್ಲ.