ಒಪ್ಪಿಗೆಯ ವಿಚ್ಛೇದನ: ಅರ್ಜಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷವಾಗಿದ್ದು, ಎರಡು ವರ್ಷದಿಂದ ಬೇರೆ ಬೇರೆ ಇದ್ದೇವೆ. ಇಬ್ಬರೂ ವಿಚ್ಛೇದನಕ್ಕೆ ಒಪ್ಪಿದ್ದೇವೆ. ಆರು ವರ್ಷದ ಮಗಳು ನನ್ನ ಬಳಿ ಇದ್ದಾಳೆ. ಅರ್ಜಿ ಸಲ್ಲಿಸುವ ಮೊದಲು ಯಾವುದನ್ನು ಇತ್ಯರ್ಥ ಮಾಡಿಕೊಳ್ಳಬೇಕೆಂದು ಅನುಭವವಿರುವವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ನಮ್ಮದೂ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಸಲ್ಲಿಸಿದ ಅರ್ಜಿಯಾಗಿತ್ತು. ಒಂದು ವರ್ಷ ಬೇರೆ ಇದ್ದಿರಬೇಕೆಂಬ ಷರತ್ತನ್ನು ನೀವು ಈಗಾಗಲೇ ದಾಟಿದ್ದೀರಿ. ಅರ್ಜಿಯ ನಂತರದ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆಯಾದರೂ, ಜೀವನಾಂಶ ಮತ್ತು ಮಗುವಿನ ಪಾಲನೆ ಅಷ್ಟರಲ್ಲಿ ನಿಜವಾಗಿ ಇತ್ಯರ್ಥವಾಗಿರಬೇಕು. ನಾವು ಎಡವಿದ್ದು ಇಲ್ಲಿಯೇ. ಒಡವೆಯ ಮಾತು ಎತ್ತುವುದು ಮರ್ಯಾದೆಯಲ್ಲವೆಂದುಕೊಂಡು, ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಸಹಿ ಹಾಕಿದೆವು. ಐದನೆಯ ತಿಂಗಳಲ್ಲಿ ಎರಡೂ ಮನೆಯ ಹಿರಿಯರು ಕೂತು ಲೆಕ್ಕ ತೆಗೆದರು. ತೀರ್ಪು ಬರುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದಾದ್ದರಿಂದ ನನ್ನ ಸಂಗಾತಿ ಹಿಂತೆಗೆದುಕೊಂಡರು. ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಮದುವೆಯಲ್ಲಿ ನಿಮಗೆ ಬಂದ ಒಡವೆ ಸ್ತ್ರೀಧನ, ಅಂದರೆ ನಿಮ್ಮ ಸ್ವಂತ ಆಸ್ತಿ; ಅದು ಜೀವನಾಂಶದಿಂದ ಬೇರೆ. ಯಾವುದು ಯಾರ ಲಾಕರಿನಲ್ಲಿದೆ, ಯಾವ ದಿನ ಕೈಗೆ ಬರುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಉತ್ತರ 2: ನಾನು ತಂದೆ. ‘ರಜೆಯಲ್ಲಿ ತಂದೆ ಮಗುವನ್ನು ಭೇಟಿಯಾಗಬಹುದು’ ಎಂಬ ಒಂದೇ ಸಾಲು ನಮ್ಮ ಒಪ್ಪಂದದಲ್ಲಿತ್ತು. ದಸರಾ ರಜೆ ಬಂದಾಗ ಅದು ಎಷ್ಟು ದಿನ, ಕರೆದೊಯ್ಯುವವರು ಯಾರು, ಅಜ್ಜಿಯ ಊರಿಗೆ ಹೋಗಬಹುದೇ ಎಂದು ಮೂರು ವರ್ಷ ಜಗಳವಾಡಿದೆವು. ಯಾವ ವಾರಾಂತ್ಯ, ಎಷ್ಟು ಗಂಟೆಗೆ, ಶಾಲಾ ಶುಲ್ಕದಲ್ಲಿ ಯಾರ ಪಾಲೆಷ್ಟು ಎಂಬುದನ್ನೆಲ್ಲ ಬರೆಯಿರಿ. ಮುಂದೆ ಪರಿಸ್ಥಿತಿ ಬದಲಾದರೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ ಮಾರ್ಪಾಡು ಕೋರಲು ಅವಕಾಶವಿದೆ. ಇನ್ನೊಂದು ಮಾತು: ನಾವು ಬೇರೆಯಾಗುತ್ತಿರುವುದು ಮಗನಿಗೆ ತಿಳಿದದ್ದು ನೆಂಟರೊಬ್ಬರ ಬಾಯಿಂದ. ಅವನು ಅದನ್ನು ಇಂದಿಗೂ ಮರೆತಿಲ್ಲ.

ಉತ್ತರ 3: ವಕೀಲರ ಶುಲ್ಕ ಭಾರವೆನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ನ್ಯಾಯಾಲಯ ಮಧ್ಯಸ್ಥಿಕೆಗೆ ಕಳುಹಿಸಿದರೆ ಬೇಸರಿಸಬೇಡಿ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುವುದರಿಂದ, ಅಣ್ಣ ಮಾವಂದಿರನ್ನು ಹೊರಗೆ ಕೂರಿಸಿ ನಾವಿಬ್ಬರೇ ಎರಡು ವರ್ಷದಲ್ಲಿ ಮೊದಲ ಬಾರಿಗೆ ನೇರವಾಗಿ ಮಾತನಾಡಿದ್ದು ಆ ಕೋಣೆಯಲ್ಲಿ.